ಬಲ್ಬು, ಮೀಟರು ಮತ್ತು ನಿನ್ನ ಲೆಕ್ಕದ ಹಾಳೆ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಿನ್ನ ಪತ್ರ ಬಂತು, ಜೊತೆಗೆ ಲೆಕ್ಕದ ಹಾಳೆಯೂ. ಹಳೇ 60 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಹೋಲ್ಡರಿನಿಂದ ತೆಗೆದು ಮೀಟರ್ ಹಿಡಿದರೆ ರೆಸಿಸ್ಟೆನ್ಸ್ (ಕರೆಂಟಿಗೆ ತಂತಿ ಒಡ್ಡುವ ಅಡ್ಡಿ) 65 ಓಮ್ ಬಂತು, ಲೆಕ್ಕ ಹಾಕಿದರೆ ಸುಮಾರು 880 ಬರುತ್ತದೆ, ಮೀಟರ್ ಕೆಟ್ಟಿದೆಯೋ ಸೂತ್ರ ತಪ್ಪೋ ಅಂತ ಕೇಳಿದ್ದೀಯ. ಎರಡೂ ಸರಿಯಾಗೇ ಇವೆ. ಹೋಲ್ಡರಿನಿಂದ ತೆಗೆದೇ ಮೀಟರ್ ಹಿಡಿದೆಯಲ್ಲ, ಅದಕ್ಕೆ ಶಹಬ್ಬಾಸ್. ಓಮ್ ಅಳೆಯುವಾಗ ಸರ್ಕೀಟಿನಲ್ಲಿ ಕರೆಂಟ್ ಇರಲೇಬಾರದು.

ನಿನ್ನ ಲೆಕ್ಕ ನೋಡಿದೆ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಪವರ್, ಭಾಗಿಸಿದರೆ ರೆಸಿಸ್ಟೆನ್ಸ್, ಇದೇ ನೀನು ಬಳಸಿದ ಸೂತ್ರ. 60 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿ 0.26 ಆಂಪಿಯರ್. ಆ 230ನ್ನು 0.26ರಿಂದ ಭಾಗಿಸಿ ಸುಮಾರು 880 ಓಮ್. ತಪ್ಪೇ ಇಲ್ಲ. ಆದರೆ ಅದು ಉರಿಯುತ್ತಿರುವ ಬಲ್ಬಿನ ಲೆಕ್ಕ. ಆಗ ಆ ಟಂಗ್‌ಸ್ಟನ್ ತಂತಿ 2,000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಮೀಟರ್ ಬಿಡುವ ಕರೆಂಟ್ ತೀರಾ ಕಡಿಮೆ, ತಂತಿ ತಣ್ಣಗೇ ಉಳಿಯುತ್ತದೆ. ಲೋಹ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಜಾಸ್ತಿ. ಸ್ವಿಚ್ ಹಾಕಿದ ಆ ಕ್ಷಣದಲ್ಲಿ ನಿನ್ನ ಬಲ್ಬಿಗೆ 65 ಓಮೇ ಇರುವುದು. ಅಂದರೆ ಮೂರೂವರೆ ಆಂಪಿಯರ್ ನುಗ್ಗುತ್ತದೆ! ಹಳೇ ಬಲ್ಬುಗಳು ಸ್ವಿಚ್ ಹಾಕಿದಾಗಲೇ ಪಟ್ಟನೆ ಹೋಗುತ್ತಿದ್ದದ್ದು ಸುಮ್ನೆ ಅಲ್ಲ.

ಅಳೆಯುವ ಹೊತ್ತಿಗೆ ಸಂಖ್ಯೆ ಬದಲಾಗುವ ಈ ತೊಂದರೆ, ಆ ಭಾಗಾಕಾರದ ನಿಯಮ ಕಂಡುಹಿಡಿದ ಓಮ್ ಮೇಷ್ಟ್ರಿಗೂ ಬೇರೆ ರೂಪದಲ್ಲಿ ಕಾಡಿತ್ತು. ಹೌದು, ಅವರು ಜರ್ಮನಿಯಲ್ಲಿ ಶಾಲಾ ಮೇಷ್ಟ್ರು. ಮೊದಮೊದಲು ಬಳಸಿದ ಬ್ಯಾಟರಿಯ ವೋಲ್ಟೇಜ್ ನಿಂತ ಕಡೆ ನಿಲ್ಲುತ್ತಿರಲಿಲ್ಲ. ಆಮೇಲೆ ಎರಡು ಲೋಹಗಳ ಜೋಡಿ ಮಾಡಿ, ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ ಇಟ್ಟರು. ಆ ಬಿಸಿ-ತಂಪಿನ ವ್ಯತ್ಯಾಸದಿಂದಲೇ ವೋಲ್ಟೇಜ್ ಹುಟ್ಟುತ್ತದೆ. ವೋಲ್ಟೇಜ್ ಅಲುಗಾಡುವುದು ನಿಂತಿತು, ಲೆಕ್ಕ ಕೂಡಿಬಂತು. ಅವರ ಪುಸ್ತಕ ಬಂದದ್ದು 1827ರಲ್ಲಿ. ಭಾಗಾಕಾರ ಯಾರಿಗೆ ಬರುವುದಿಲ್ಲ ಹೇಳು? ಕಷ್ಟ ಇರುವುದು ಭಾಗಿಸಲು ಯೋಗ್ಯವಾದ ಎರಡು ಸಂಖ್ಯೆ ಹಿಡಿಯುವುದರಲ್ಲಿ.

ಹಾಳೆಯ ಹಿಂದುಗಡೆ ಇರುವ ಎಲ್‌ಇಡಿ ಲೆಕ್ಕಕ್ಕೆ ಬರ್ತೀನಿ. 5 ವೋಲ್ಟ್ ಸಪ್ಲೈ, 15 ಮಿಲಿಆಂಪಿಯರ್ ಬೇಕು, ಆದ್ದರಿಂದ ಎಲ್‌ಇಡಿಯ ಜೊತೆ ಸಾಲಾಗಿ ಹಾಕುವ, ಕರೆಂಟ್ ಮಿತಿಯಲ್ಲಿಡುವ ರೆಸಿಸ್ಟರ್ 333 ಓಮ್ ಅಂತ ಬರೆದಿದ್ದೀಯ. ಮಿಲಿಯನ್ನು 0.015 ಮಾಡಿಕೊಂಡೇ ಭಾಗಿಸಿದ್ದೀಯ, ಜಾಣೆ. ಆದರೆ ಆ 5 ವೋಲ್ಟ್ ಯಾರದ್ದು? ಕೆಂಪು ಎಲ್‌ಇಡಿ ತನ್ನ ಪಾಲಿಗೆ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ರೆಸಿಸ್ಟರಿನ ಎರಡು ತುದಿಗೆ ಸಿಗುವುದು 3 ಮಾತ್ರ. ಮೂರನ್ನು 0.015ರಿಂದ ಭಾಗಿಸು, 200 ಓಮ್. ನೀನು 333 ಹಾಕಿದ್ದರೂ ಏನೂ ಸುಡುತ್ತಿರಲಿಲ್ಲ, ಬೆಳಕು ಮಂದ ಆಗುತ್ತಿತ್ತು ಅಷ್ಟೇ. ಭಾಗಿಸುವ ಮುಂಚೆ ಕೇಳಿಕೋ: ಈ ವೋಲ್ಟೇಜ್ ಯಾವ ಎರಡು ತುದಿಗಳ ನಡುವಿನದು? ಈ ಕರೆಂಟ್ ಆ ತುದಿಗಳ ನಡುವೆಯೇ ಹರಿಯುತ್ತಿದೆಯಾ? ಎರಡನ್ನೂ ಅಳೆದದ್ದು ಒಂದೇ ಹೊತ್ತಿನಲ್ಲಾ?

ಪವರ್ ವಿಷಯಕ್ಕೆ ಹಾಳೆಯಲ್ಲಿ ಒಂದೇ ಸಾಲು ಇದೆ. ಅದನ್ನು ಕಡೆಗಣಿಸಬೇಡ ಪುಟ್ಟಿ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಮಾಡಿ ಮೂಗಿಗೆ ಹೊಗೆ ತಗೊಂಡಿದ್ದೇನೆ. 12 ವೋಲ್ಟಿಗೆ 47 ಓಮ್ ರೆಸಿಸ್ಟರ್ ಹಾಕಿದ್ದೆ. ಕಾಲು ಆಂಪಿಯರ್ ಬರುತ್ತದೆ ಅಂತ ಲೆಕ್ಕ ಹಾಕಿದ್ದೆ, ಬಂತು ಕೂಡ. ಆದರೆ 12 ವೋಲ್ಟನ್ನು ಆ ಕಾಲು ಆಂಪಿಯರಿನಿಂದ ಗುಣಿಸಲಿಲ್ಲ. ಗುಣಿಸಿದ್ದರೆ 3 ವ್ಯಾಟ್ ಅಂತ ಗೊತ್ತಾಗುತ್ತಿತ್ತು. ನಾನು ಹಾಕಿದ್ದು ಕಾಲು ವ್ಯಾಟಿನ ಪುಟ್ಟ ರೆಸಿಸ್ಟರ್. ಹನ್ನೆರಡು ಪಟ್ಟು ಭಾರ! ಮೇಲಿನ ಬಣ್ಣದ ಪಟ್ಟಿಗಳೆಲ್ಲ ಕಪ್ಪಾದವು, ಬೆರಳಿಗೆ ಬೊಬ್ಬೆ ಬಂತು. ಅಂಥ ಕಡೆ ಈಗ ನಾನು 5 ವ್ಯಾಟಿನದ್ದೇ ಹಾಕುವುದು. ನಿನ್ನ ಎಲ್‌ಇಡಿಯ ರೆಸಿಸ್ಟರಿನಲ್ಲಿ 0.045 ವ್ಯಾಟ್, ಅಲ್ಲಿ ಚಿಂತೆಯಿಲ್ಲ.

ಇನ್ನೊಂದು. ವೋಲ್ಟೇಜ್ ಸ್ವಲ್ಪ ಇಳಿದರೆ ಹೀಟರ್ ಯಾಕೆ ಅಷ್ಟೊಂದು ನಿಧಾನ ಅಂತ ನೀನು ಕೇಳಿದ್ದೆ ಅಲ್ವಾ? 230 ವೋಲ್ಟಿನ 1,000 ವ್ಯಾಟ್ ಹೀಟರಿನ ಕಾಯಿಲ್ ಸುಮಾರು 53 ಓಮ್. ಬಲ್ಬಿನಂತಲ್ಲ, ಹೀಟರ್ ಕಾಯಿಲಿನ ನೈಕ್ರೋಮ್ ತಂತಿ ಬಿಸಿಯಾದರೂ ರೆಸಿಸ್ಟೆನ್ಸ್ ಹೆಚ್ಚೇನೂ ಬದಲಾಗುವುದಿಲ್ಲ. ವೋಲ್ಟೇಜ್ 200ಕ್ಕೆ ಇಳಿದರೆ ಕರೆಂಟೂ ಇಳಿಯುತ್ತದೆ. ಎರಡೂ ಇಳಿದು ಗುಣವಾಗುವುದರಿಂದ ಪವರ್ ಸುಮಾರು 756ಕ್ಕೆ ಬೀಳುತ್ತದೆ. ವೋಲ್ಟೇಜ್ ಹೋದದ್ದು ನೂರಕ್ಕೆ 13, ಶಾಖ ಹೋದದ್ದು ನೂರಕ್ಕೆ 24. (ಮೋಟಾರಿಗೆ ಇಷ್ಟು ಸಲೀಸಾಗಿ ಗುಣಿಸಬೇಡ. ಮನೆಗೆ ಬರುವ ಎಸಿ ಕರೆಂಟಿನಲ್ಲಿ ಅಲ್ಲಿ ಪವರ್ ಫ್ಯಾಕ್ಟರ್ ಅನ್ನುವ ಇನ್ನೊಂದು ಗುಣಕ ಬರುತ್ತದೆ. ಅದು ಇನ್ನೊಂದು ಪತ್ರಕ್ಕೆ.)

ಈಗ ನಿನಗೊಂದು ಕೆಲಸ. ಎರಡು ಸೆಲ್ಲಿನ ಟಾರ್ಚಿನ ಹಳೇ ಫಿಲಮೆಂಟ್ ಬಲ್ಬ್ ತಗೋ. ಮೊದಲು ಒಂದೇ ಸೆಲ್ಲಿನಲ್ಲಿ, ಆಮೇಲೆ ಎರಡರಲ್ಲಿ ಉರಿಸು. ಬಲ್ಬ್ ಉರಿಯುತ್ತಿರುವಾಗಲೇ ಅದರ ಎರಡು ತುದಿಗೆ ವೋಲ್ಟೇಜ್ ಅಳೆ. ಸೆಲ್ಲಿನ ಮೇಲೆ ಬರೆದ ಸಂಖ್ಯೆ ನಂಬಬೇಡ. ಕರೆಂಟ್ ಅಳೆಯಲು ಮೀಟರನ್ನು ದಾರಿಯ ಮಧ್ಯೆ ಸೇರಿಸು. ಆಂಪಿಯರಿಗೆ ಇಟ್ಟ ಮೀಟರನ್ನು ನೇರವಾಗಿ ಸೆಲ್ಲಿಗೆ ಅಡ್ಡ ಹಿಡಿದೆಯೋ, ಫ್ಯೂಸ್ ಹೋಯ್ತು ಅಂತಲೇ ಲೆಕ್ಕ. ಎರಡು ಸಲವೂ ರೆಸಿಸ್ಟೆನ್ಸ್, ಪವರ್ ಹಾಕಿ ಹಾಳೆ ಕಳಿಸು. ಸೆಲ್ ಇಡುವ ಮುಂಚೆ, ಎರಡನೇ ಸಲ ಓಮ್ ಎಷ್ಟು ಬರಬಹುದು ಅಂತ ಪೆನ್ಸಿಲಿನಲ್ಲಿ ಬರೆದಿಟ್ಟುಕೋ. ಆಮೇಲೆ ಅಳಿಸಬೇಡ, ನಾನು ನೋಡ್ತೀನಿ.

ಇತಿ,
ನಿನ್ನ ದೊಡ್ಡಪ್ಪ