ಜೆಸಿಬಿ ನಂಬರ್ ಕಳಿಸಿಲ್ಲ, ಬೇಜಾರು ಮಾಡಿಕೊಳ್ಳಬೇಡ

ತೀರ್ಥಹಳ್ಳಿ ಹತ್ತಿರದಿಂದ, ಮಾರ್ಚ್ 2023

ಸುರೇಶ,

ನಿನ್ನ ಮೆಸೇಜ್ ಬಂದು ಮೂರು ವಾರವಾಯಿತು. "ನಿಮ್ಮ ಕಡೆ ಜೆಸಿಬಿಯವನ ನಂಬರ್ ಕಳಿಸು, ಯುಗಾದಿ ಕಳೆದ ಕೂಡಲೇ ಗುಡ್ಡ ಸಮ ಮಾಡಿಸಿಬಿಡೋಣ" ಎಂದಿದ್ದೆ. ನಂಬರ್ ನನ್ನ ಫೋನಿನಲ್ಲೇ ಇದೆ ಮಾರಾಯ. ಕಳಿಸೋಕೆ ಕೈ ಬರಲಿಲ್ಲ. ಫೋನ್ ಮಾಡಿ ಹೇಳೋಣ ಎಂದರೆ ನೀನು ಮಧ್ಯೆ ಬಾಯಿ ಹಾಕದೆ ಕೇಳುವ ಪೈಕಿ ಅಲ್ಲ. ಅದಕ್ಕೇ ಈ ಕಾಗದ. ನಿನ್ನ ಹಾಗೆ ಗುಡ್ಡದ ಮೇಲೆ ಜಾಗ ತಗೊಂಡು ಹೋಂಸ್ಟೇ ಕಟ್ಟುವ ಆಸೆ ಇರುವವರು ಈಗ ನಮ್ಮ ಸುತ್ತ ಊರಿಗೆ ನಾಲ್ಕು ಜನ ಸಿಗುತ್ತಾರೆ. ಅವರೂ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಟರ್ಕಿಯ ಸುದ್ದಿ ನೀನೂ ನೋಡಿರುತ್ತೀಯ. ಫೆಬ್ರವರಿ 6, ಸೋಮವಾರ. ಅಲ್ಲಿ ಬೆಳಗಿನ ಜಾವ 4 ಗಂಟೆ 17 ನಿಮಿಷ, ಜನ ಹೊದ್ದು ಮಲಗಿದ್ದ ಹೊತ್ತು. ನಮಗೆ ಆಗ ಆರೂ ಮುಕ್ಕಾಲು. ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. 7.8 ತೀವ್ರತೆಯ ಭೂಕಂಪ. ಒಂಬತ್ತು ಗಂಟೆ ಕಳೆದು ಇನ್ನೊಂದು, 7.5. ಮೊದಲನೆಯದಕ್ಕೆ ಬಿರುಕು ಬಿಟ್ಟು ಹೇಗೋ ನಿಂತಿದ್ದ ಮನೆಗಳು ಎರಡನೆಯದಕ್ಕೆ ಬಿದ್ದವು. ಟರ್ಕಿ, ಸಿರಿಯಾ ಎರಡೂ ಸೇರಿ ಸತ್ತವರ ಲೆಕ್ಕ 50 ಸಾವಿರ ದಾಟಿದೆ. ನಮ್ಮ ತೀರ್ಥಹಳ್ಳಿಯಂಥ ಮೂರು ಪೇಟೆಯ ಜನಕ್ಕಿಂತ ಜಾಸ್ತಿ. ಹಾಗೆ ಅಂದುಕೊಂಡಾಗಲೇ ನನಗೆ ಆ ಸಂಖ್ಯೆ ಸ್ವಲ್ಪ ತಲೆಗೆ ಹೋಗಿದ್ದು.

ಕಟ್ಟಡ ಕುಸಿಯುವ ವಿಡಿಯೋಗಳನ್ನು ಎರಡು ದಿನ ನೋಡಿದೆ, ಆಮೇಲೆ ಆಗಲಿಲ್ಲ. ಒಂದು ಫೋಟೋ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಹತಾಯ್ ಪ್ರಾಂತ್ಯದ ಒಂದು ಆಲಿವ್ ತೋಟ. ಗಿಡಗಳ ಸಾಲು ನೆಟ್ಟಗೆ ಬರುತ್ತದೆ, ಬರುತ್ತದೆ, ಒಂದು ಅಂಚಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಸುಮಾರು ನೂರು ಅಡಿ ಆಳಕ್ಕೆ ಕಮರಿ. ಆಚೆ ದಡದಲ್ಲಿ ಮತ್ತೆ ಸಾಲು. ಒಂದೇ ರಾತ್ರಿಯಲ್ಲಿ ತೋಟ ಎರಡು ಹೋಳು. ತೋಟದವನಿಗೆ ತೋಟದವನ ಸಂಕಟ ಮೊದಲು ಕಾಣುತ್ತೆ ನೋಡು. ಅವನು ಇನ್ನು ಬೇಲಿ ಎಲ್ಲಿ ಹಾಕುತ್ತಾನೆ? ನೀರಿನ ಪೈಪು ಆಚೆಗೆ ಹೇಗೆ ದಾಟಿಸುತ್ತಾನೆ? ಪಹಣಿಯಲ್ಲಿ ಆ ಕಮರಿ ಯಾರ ಹೆಸರಿಗೆ? ಅಡಿಕೆ ಸಿಪ್ಪೆ ಗುಡಿಸುತ್ತಾ ಇದನ್ನೇ ಯೋಚಿಸುತ್ತಿದ್ದೆ.

ಈ ವಿಷಯ ತೆಗೆದಾಗ ನೀನು ಏನೆಂದೆ? "ನಮ್ಮಲ್ಲಿ ಅದೆಲ್ಲ ಇಲ್ಲ ಬಿಡೋ, ನಮ್ಮ ನೆಲ ಗಟ್ಟಿ." ಸರಿ, 1993 ನೆನಪಿದೆಯಾ? ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪ. ನಾವು ಶಿವಮೊಗ್ಗದಲ್ಲಿ ಡಿಗ್ರಿ ಎರಡನೇ ವರ್ಷ. ಆ ಊರಿನವರು ಗಣಪತಿ ಬಿಟ್ಟು ಬಂದು ಮಲಗಿದ್ದ ರಾತ್ರಿ ಅದು. ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು. ಹತ್ತಿರ ಹತ್ತಿರ 10 ಸಾವಿರ ಜನ ಹೋದರು. ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣು, ತಲೆ ಮೇಲೆ ತಂಪಿಗೆ ಎಂದು ಹಾಕಿದ ಗೇಣುಗಟ್ಟಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಕಾಪಾಡಿದ ಮನೆಗಳೇ ಅವರನ್ನು ಹೂತು ಹಾಕಿದವು. ಆಗಿನ ಭೂಕಂಪದ ನಕ್ಷೆಯಲ್ಲಿ ಲಾತೂರು ಇದ್ದದ್ದು ಒಂದನೇ ವಲಯದಲ್ಲಿ, ಎಂದರೆ ಎಲ್ಲಕ್ಕಿಂತ ಭಯ ಕಡಿಮೆ ಇರುವ ಕಡೆ. ಅವರೂ ನೆಲ ಗಟ್ಟಿ ಎಂದೇ ಇದ್ದರು. ಆಮೇಲೆ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದರು. ಹಾಗೆ ಬದಲಿಸಿದ ನಕ್ಷೆಯಲ್ಲಿ ನಮ್ಮ ಕರ್ನಾಟಕ ಇದ್ದದ್ದು ಎರಡು ಮತ್ತು ಮೂರನೇ ವಲಯದಲ್ಲಿ.

ಡಾಲ್ಡಾ ಡಬ್ಬಕ್ಕೆ ತೂತು ಕೊರೆದು ಗಾಂಧಿ ಬಜಾರಿನಲ್ಲಿ ತಿರುಗಿದೆವಲ್ಲ. ಒಬ್ಬ ಅಂಗಡಿಯವರು "ಈ ಲಾತೂರು ಎಲ್ಲಿ ಬರುತ್ತೆ?" ಎಂದು ಕೇಳಿದರು. ನೀನು "ಬೀದರ್ ಹತ್ತಿರ" ಎಂದೆ. ಅವರು ಹತ್ತು ರೂಪಾಯಿ ಹಾಕಿದರು. "ಬೀದರ್ ನಮ್ಮದೇ ಅಲ್ವಾ" ಎಂದು ಇನ್ನೊಂದು ಹತ್ತು ಹಾಕಿದರು. ಸಂಜೆ ಆ ಡಬ್ಬದ ಚಿಲ್ಲರೆಯಲ್ಲೇ ನಾವಿಬ್ಬರೂ ಟೀ ಕುಡಿದು ಬನ್ನು ತಿಂದೆವು. ಎಷ್ಟಾಯಿತು ಎಂದು ನನಗೆ ಈಗಲೂ ನೆನಪಿದೆ, ಇಲ್ಲಿ ಬರೆಯುವುದಿಲ್ಲ.

ಈಗ ನಮ್ಮನೆ ವಿಷಯಕ್ಕೆ ಬರುತ್ತೇನೆ. ಕೊಟ್ಟಿಗೆ ಹೋಯಿತು ಎಂದಷ್ಟೇ ನಿನಗೆ ಹೇಳಿದ್ದೆ. ಪೂರ್ತಿ ಹೇಳಿರಲಿಲ್ಲ.

2018ರ ಬೇಸಿಗೆಯಲ್ಲಿ ಮನೆ ಹಿಂದಿನ ಗುಡ್ಡದ ಧರೆ ತೆಗೆಸಿದೆ. ಯಾರೂ ಹೇಳಿದ್ದಲ್ಲ, ನನಗೇ ಬಂದ ಬುದ್ಧಿ. ಕಾರಿಗೊಂದು ಶೆಡ್ ಬೇಕಿತ್ತು, ಅಡಿಕೆ ಹರವೋಕೆ ಜಾಗ ಸಾಲುತ್ತಿರಲಿಲ್ಲ. ಮೊದಲು ಆ ಧರೆ ಓರೆಯಾಗಿ, ಜರಿಗಿಡ ಬೆಳೆದುಕೊಂಡು, ಬೇರು ಹಿಡಿದುಕೊಂಡು ಸುಮ್ಮನೆ ಇತ್ತು. ಜೆಸಿಬಿ ಎರಡೇ ದಿನದಲ್ಲಿ ಅದನ್ನು ಹದಿನೈದು ಅಡಿ ಎತ್ತರಕ್ಕೆ ಗೋಡೆ ಹಾಗೆ ನೆಟ್ಟಗೆ ಸೀಳಿ ಕೊಟ್ಟಿತು. ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದ. "ಧರೆ ಬುಡ ಕೆದಕಬಾರದು" ಎಂದ, ಒಂದೇ ಸಲ. ಡ್ರೈವರ್ ಹುಡುಗ "ಜಂಬಿಟ್ಟಿಗೆ ಮಣ್ಣು ಸಾರ್, ಕಲ್ಲು ನಿಂತ ಹಾಗೆ ನಿಲ್ಲುತ್ತೆ" ಎಂದ. ನನಗೆ ಯಾವ ಮಾತು ಹಿತವಾಯಿತು ಎಂದು ಬೇರೆ ಹೇಳಬೇಕಾ?

ಆ ವರ್ಷದ ಮಳೆಗೆ ಧರೆ ಅಲುಗಲಿಲ್ಲ. ಅದೇ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಮನೆ, ತೋಟ, ರಸ್ತೆ ಸಮೇತ ಜಾರಿದ್ದನ್ನು ಟಿವಿಯಲ್ಲಿ ನೋಡಿದೆವು. ಆಗಲೂ ನಾನು ಅಪ್ಪನ ಎದುರು "ನಮ್ಮದು ನಿಂತಿದೆ ನೋಡು" ಎಂದೆ. ನಾಲಿಗೆಗೆ ಮೂಳೆ ಇಲ್ಲ.

2019ರ ಆಗಸ್ಟ್, ಆಶ್ಲೇಷ ಮಳೆ. ನಾಲ್ಕು ದಿನದಿಂದ ಕರೆಂಟಿಲ್ಲ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಪೂರ್ತಿ ಮುಳುಗಿತು, ಹೊಳೆ ಪಕ್ಕದ ಬೀದಿಗಳಿಗೆ ನೀರು ನುಗ್ಗಿತು ಎಂದು ಅಕ್ಕ ಫೋನ್ ಮಾಡಿದ್ದಳು. ಆಮೇಲೆ ಫೋನೂ ಸತ್ತಿತು. ನಮ್ಮ ಅಡುಗೆಮನೆ ಮೂಲೆಯಲ್ಲಿ ಜಲ ಎದ್ದಿತ್ತು. ಪೇಟೆಯವನಾಗಿ ಜಾಸ್ತಿ ವರ್ಷ ಆಯಿತು, ನಿನಗೆ ಮರೆತಿರಬಹುದು. ಮಳೆಗಾಲದಲ್ಲಿ ಗುಡ್ಡ ಕುಡಿದದ್ದು ಹೆಚ್ಚಾಗಿ ನೆಲದಿಂದ, ಗೋಡೆ ಬುಡದಿಂದ ಒಸರುತ್ತದಲ್ಲ, ಅದು. ತಿಳಿನೀರು. ಗೋಣಿಚೀಲ ಹಾಸಿ ಸುಮ್ಮನಿರುತ್ತೇವೆ. ಯಾರೂ ಹೆದರುವುದಿಲ್ಲ.

ರಾತ್ರಿ ಒಂದು ಗಂಟೆಗೆ ಅಪ್ಪ ಬಚ್ಚಲಿಗೆ ಹೋದವನು ಹಿಂದಿನ ಬಾಗಿಲು ತೆಗೆದು ಧರೆ ಬುಡಕ್ಕೆ ಟಾರ್ಚ್ ಬಿಟ್ಟಿದ್ದಾನೆ. ಬಂದು ನನ್ನ ಭುಜ ಮುಟ್ಟಿದ. ಕೂಗಲಿಲ್ಲ. "ನೀರು ಕೆಂಪಾಗಿದೆ, ಏಳು" ಎಂದ. ಅಷ್ಟೇ. ನಾನು ಹೋಗಿ ನೋಡಿದೆ. ಸಂಜೆ ತಿಳಿಯಾಗಿ ಹರಿಯುತ್ತಿದ್ದದ್ದು ಕಾವಿ ಕದಡಿದ ಹಾಗೆ ಚಿಮ್ಮುತ್ತಿತ್ತು. ಒಳಗೆ ಮಣ್ಣು ಕರಗಿ ಬರುತ್ತಿದೆ ಎಂದು ಅದರ ಅರ್ಥ. ಅದು ಅಪ್ಪನಿಗೆ ಗೊತ್ತಿತ್ತು, ಪುಣ್ಯ.

ಹೆಂಡತಿ, ಮಗಳು, ಅಮ್ಮ ಎಲ್ಲರನ್ನೂ ಅಪ್ಪ ಆಚೆ ದಿಬ್ಬದ ಮನೆಗೆ ಕರೆದುಕೊಂಡು ಹೋದ. ನಾನು ಕೊಟ್ಟಿಗೆಗೆ ಓಡಿದೆ. ಎರಡು ದನ ಬಿಚ್ಚಿದೆ, ಅವು ತಾವೇ ಹೊರಗೆ ನುಗ್ಗಿದವು. ಕರು ಹಿಂದಿನ ಗೋಡೆ ಹತ್ತಿರ ಇತ್ತು. ಕಣ್ಣಿ ನೆನೆದು ಗಂಟು ಬಿಗಿದುಕೊಂಡಿತ್ತು. ಉಗುರು ಹಾಕಿದೆ, ಹಲ್ಲು ಹಾಕಿದೆ. ಬಿಚ್ಚಲಿಲ್ಲ. ಕರು ಆಟ ಎಂದುಕೊಂಡು ನನ್ನ ಕೈ ನೆಕ್ಕುತ್ತಿತ್ತು. ಕತ್ತಿ ತರುತ್ತೇನೆ ಎಂದು ಒಳಗೆ ಓಡಿದೆ. ಕತ್ತಿ ಇದ್ದದ್ದು ಅಡುಗೆಮನೆಯಲ್ಲಿ, ಹತ್ತು ಹೆಜ್ಜೆ.

ಕತ್ತಿ ಕೈಗೆ ಸಿಕ್ಕಿತ್ತು. ಆಗ ಕಾಲಡಿಯ ನೆಲ ಅದುರಿತು. ಲಾರಿಯಿಂದ ಒಟ್ಟಿಗೇ ಜಂಬಿಟ್ಟಿಗೆ ಸುರಿದಂಥ ಸದ್ದು, ಆಮೇಲೆ ಹಸಿ ಮಣ್ಣಿನ ವಾಸನೆ, ಕಿತ್ತ ಬೇರಿನ ವಾಸನೆ. ಬೆಳಕು ಹರಿದ ಮೇಲೆ ನೋಡಿದರೆ ಧರೆ ಮೇಲಿದ್ದ ಹಲಸಿನ ಮರ ಬಿದ್ದೇ ಇರಲಿಲ್ಲ. ನಿಂತ ಹಾಗೇ ಜಾರಿ ಬಂದು, ಕಾರಿನ ಶೆಡ್ ಇದ್ದ ಜಾಗದಲ್ಲಿ ನಿಂತಿತ್ತು. ಕೊಟ್ಟಿಗೆ, ಬಚ್ಚಲು ಎರಡೂ ಮಣ್ಣಿನಡಿ. ಮಣ್ಣು ತೆಗೆಯೋಕೂ ಜೆಸಿಬಿಯೇ ಬೇಕಾಯಿತು. ಅದೇ ಹುಡುಗ ಬಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಪ್ಪ ಇವತ್ತಿನವರೆಗೂ "ನಾನು ಹೇಳಿರಲಿಲ್ವಾ" ಎಂದು ಒಂದು ದಿನವೂ ಅಂದಿಲ್ಲ. ಅಂದುಬಿಟ್ಟಿದ್ದರೆ ಒಳ್ಳೆಯದಿತ್ತು.

ಇನ್ನೊಂದು ರಾತ್ರಿ. 2021ರ ಜನವರಿ 21. ನಾನು ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲಿದ್ದೆ. ರಾತ್ರಿ ಹತ್ತು ಇಪ್ಪತ್ತರ ಸುಮಾರಿಗೆ ಭಾರೀ ಸದ್ದು, ಕಿಟಕಿ ಗಾಜು ಗಡಗಡ, ಗೂಡಿನ ಲೋಟ ನೆಲಕ್ಕೆ. ಇಡೀ ಬೀದಿ ಹೊರಗೆ ಬಂದು ನಿಂತಿತು. "ಭೂಕಂಪ ಕಣ್ರೀ" ಎಂದು ಒಬ್ಬರು. "ಲಿಂಗನಮಕ್ಕಿಗೆ ಏನಾದರೂ ಆಯ್ತಾ?" ಎಂದು ಇನ್ನೊಬ್ಬರು. ಈ ಎರಡನೆಯ ಭಯ ಸುಮ್ನೆ ಬಂದದ್ದಲ್ಲ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟು ತುಂಬಿಸಿದ ಕೆಲವೇ ವರ್ಷಕ್ಕೆ, 1967ರ ಡಿಸೆಂಬರಿನಲ್ಲಿ, ಅಲ್ಲೇ ಭೂಕಂಪವಾಗಿತ್ತು. ನಿಂತ ನೀರಿನ ಭಾರ, ಬಿರುಕಿಗೆ ಇಳಿದ ನೀರು ಅದಕ್ಕೆ ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ. ಹಳಬರು ಅದನ್ನು ಮರೆತಿಲ್ಲ.

ಭಾವನ ಕೈಯಲ್ಲಿ ಟಿವಿ ರಿಮೋಟ್ ಇತ್ತು, ಅದನ್ನೇ ಹಿಡಿದುಕೊಂಡು ಓಡಿ ಬಂದಿದ್ದರು. ಎಲ್ಲರೂ ನಕ್ಕರು. ನನ್ನ ಕೈ ನೋಡಿಕೊಂಡೆ. ಅಕ್ಕನ ಅಡುಗೆಮನೆಯ ಚಾಕು. ಅದನ್ನು ಯಾವಾಗ ತೆಗೆದುಕೊಂಡೆನೋ ಗೊತ್ತಿಲ್ಲ. ಮೆಲ್ಲಗೆ ಒಳಗೆ ಹೋಗಿ ಇಟ್ಟು ಬಂದೆ.

ಅದು ಭೂಕಂಪ ಆಗಿರಲಿಲ್ಲ. ಹುಣಸೋಡಿನ ಕಲ್ಲುಕ್ವಾರಿ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿತ್ತು. ಪಕ್ಕದ ಜಿಲ್ಲೆಗಳವರೆಗೂ ಅದುರಿದ ಅನುಭವ ಆಗಿತ್ತಂತೆ. "ಭೂಕಂಪ ಅಲ್ಲವಂತೆ, ಸದ್ಯ" ಎಂದು ನಾವು ಒಳಗೆ ಬಂದು ಮಲಗಿದೆವು. ಅಲ್ಲಿ ಜನ ಸತ್ತಿದ್ದು ಬೆಳಿಗ್ಗೆ ಗೊತ್ತಾಯಿತು. ಆ "ಸದ್ಯ" ಇನ್ನೂ ಗಂಟಲಲ್ಲಿದೆ.

ಇನ್ನು ನಿನ್ನ ಪ್ಲಾನಿನ ವಿಷಯ. ನೀನು ಕಳಿಸಿದ ಚಿತ್ರ ದೊಡ್ಡದು ಮಾಡಿ ನೋಡಿದೆ. ಗುಡ್ಡದ ಹೊಟ್ಟೆ ಬಗೆದು ಸಮ ಮಾಡೋದು, ಕೆಳಗೆ ಬರೀ ಕಂಬ, ಅಲ್ಲಿ ಕಾರು ನಿಲ್ಲಿಸೋದು, ಮೇಲೆ ಎರಡು ಮಹಡಿ. 2001ರಲ್ಲಿ ಭುಜ್ ಕಡೆ ಭೂಕಂಪವಾದಾಗ ಇನ್ನೂರು ಕಿಲೋಮೀಟರಿಗಿಂತ ದೂರದ ಅಹಮದಾಬಾದಿನಲ್ಲೂ ಅಪಾರ್ಟ್‌ಮೆಂಟುಗಳು ಬಿದ್ದವು. ಹಾಗೆ ಬಿದ್ದವುಗಳಲ್ಲಿ ಎಷ್ಟೋ ಈ ತರಹದವು: ಕೆಳಗೆ ಗೋಡೆ ಇಲ್ಲದೆ ಕಂಬದ ಮೇಲೆ ನಿಂತವು. ಟರ್ಕಿಯಲ್ಲಿ ಮಹಡಿಗಳು ಅಡಿಕೆ ಹಾಳೆ ಒಟ್ಟಿದ ಹಾಗೆ ಒಂದರ ಮೇಲೊಂದು ಕೂತಿದ್ದನ್ನು ನೀನೇ ನೋಡಿದ್ದೀಯ. ಅಲ್ಲಿ ಕಾನೂನು ಇರಲಿಲ್ಲ ಎಂದಲ್ಲ. 1999ರ ಭೂಕಂಪದ ಮೇಲೆ ಬಿಗಿ ಮಾಡಿದ್ದರು. ಆದರೆ 2018ರಲ್ಲಿ ದುಡ್ಡು ಕಟ್ಟಿಸಿಕೊಂಡು ಲಕ್ಷಗಟ್ಟಲೆ ಕಟ್ಟಡಗಳನ್ನು ಸಕ್ರಮ ಮಾಡಿಕೊಟ್ಟರು. ಅಕ್ರಮ ಸಕ್ರಮ ನಮ್ಮಲ್ಲಿ ಮಾತ್ರ ಹುಟ್ಟಿದ್ದು ಎಂದುಕೊಂಡಿದ್ದೆ. ಹತಾಯ್‌ನಲ್ಲೇ ಎರ್ಜಿನ್ ಎಂಬ ಪೇಟೆಯಲ್ಲಿ ಒಂದು ಕಟ್ಟಡವೂ ಬೀಳಲಿಲ್ಲ. ಅಕ್ರಮ ಕಟ್ಟೋಕೆ ಬಿಡಲಿಲ್ಲ, ಅದಕ್ಕೇ ಎಂದು ಅಲ್ಲಿನ ಮೇಯರ್ ಹೇಳಿಕೊಂಡರು. ಅಲ್ಲಿನ ನೆಲವೂ ಸ್ವಲ್ಪ ಒಳ್ಳೆಯದಿತ್ತು ಎಂದು ತಿಳಿದವರು ಹೇಳಿದರು. ಎರಡೂ ಇರಬಹುದು. ನಿನ್ನ ಜಾಗದಲ್ಲಿ ನೆಲ ಹೇಗಿದೆ ಎಂದು ನೀನು ಒಂದು ದಿನವಾದರೂ ನೋಡಿದ್ದೀಯಾ? ರಿಜಿಸ್ಟರ್ ಮಾಡಿಸಿದ್ದು ಜನವರಿಯಲ್ಲಿ. ಜನವರಿಯಲ್ಲಿ ನಮ್ಮ ಗುಡ್ಡಗಳೆಲ್ಲ ಸಾಧು.

ಕಟ್ಟಬೇಡ ಎನ್ನುತ್ತಿಲ್ಲ. ನನಗೂ ಪಕ್ಕದಲ್ಲಿ ನೀನಿದ್ದರೆ ಖುಷಿಯೇ. ಮಳೆಗಾಲ ಒಂದು ಕಳೆಯಲಿ. ಜೂನಿನಲ್ಲಿ ಬರಬೇಡ, ಜೂನ್ ಮಳೆ ಫೋಟೋಕ್ಕೆ ಚೆಂದ, ಅಷ್ಟೇ. ಆಗಸ್ಟ್ ಮೊದಲ ವಾರ ನಾಲ್ಕು ದಿನ ರಜೆ ಹಾಕಿ ಬಾ. ಆ ಜಾಗದಲ್ಲಿ ಜಲ ಎಲ್ಲೆಲ್ಲಿ ಏಳುತ್ತೆ, ಯಾವ ಮರ ವಾಲಿದೆ, ಮೇಲೆ ಎಲ್ಲಾದರೂ ನೆಲ ಬಾಯಿ ಬಿಟ್ಟಿದೆಯಾ ಎಂದು ನಡೆದು ನೋಡೋಣ. ಮನೆ ಎಲ್ಲಿ ಕೂರಿಸಬೇಕು, ಎಲ್ಲಿ ಗುಡ್ಡವನ್ನು ಅದರ ಪಾಡಿಗೆ ಬಿಡಬೇಕು ಎಂದು ಆಗ ಮಾತಾಡೋಣ. ಅಪ್ಪ ತಾನೂ ಬರುತ್ತೇನೆ ಎಂದಿದ್ದಾನೆ. ಮಂಡಿನೋವು ಇದೆ, ನಿಧಾನಕ್ಕೆ ಹತ್ತಬೇಕು. ನೀನು ಅವಸರ ಮಾಡುವ ಹಾಗಿಲ್ಲ.

ಬರುವಾಗ ಬೆಂಗಳೂರಿನಿಂದ ಒಂದು ಒಳ್ಳೆ ಟಾರ್ಚ್ ತಗೊಂಡು ಬಾ. ಅಪ್ಪನದು ಆ ರಾತ್ರಿ ಮಣ್ಣಿನಡಿ ಹೋಯಿತು. ಆಮೇಲೆ ಪೇಟೆಯಿಂದ ಮೂರು ತಂದುಕೊಟ್ಟೆ, ಯಾವುದರ ಬೆಳಕೂ ಧರೆ ಬುಡದವರೆಗೆ ಮುಟ್ಟಲ್ಲ ಅಂತಾನೆ.

ನಿನ್ನ,
ಹಳೇ ರೂಮ್‌ಮೇಟ್