ಬೇಲಿ ಮೆಷಿನ್ ಬೆಲೆ ಮತ್ತು ಡೆಲಿವರಿ ಬದಲಾವಣೆ: ಗ್ರಾಹಕರಿಗೆ ಪತ್ರ

ಹಂದಿ ಗದ್ದೆಗೆ ಇಳಿಯದಂತೆ ಬೇಲಿ ತಂತಿಗೆ ಶಾಕ್ ಕೊಡುವ ನಮ್ಮ ಬೇಲಿ ಮೆಷಿನ್ ಬಳಸುವ ರೈತ ಬಂಧುಗಳಿಗೆ ನಮಸ್ಕಾರ.

ಸೋಲಾರ್ ಜೊತೆಗೆ ಕರೆಂಟಿನಲ್ಲೂ ಚಾರ್ಜ್ ಆಗುವ ಹೊಸ ಮೆಷಿನ್‌ಗೆ ನಾವು ಮೊದಲು ಹೇಳಿದ್ದ ಬೆಲೆಗಿಂತ 400 ರೂಪಾಯಿ ಜಾಸ್ತಿ ಆಗುತ್ತದೆ. ಆರ್ಡರ್ ಕೊಟ್ಟ ಮೇಲೆ ಕೈಗೆ ಸಿಗಲು ಮೂರು ವಾರ ಬೇಕು. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ. ಬೆಲೆಗೂ ತಡಕ್ಕೂ ಕಾರಣ ಒಂದೇ. ಒಳಗೆ ಹಾಕುವ ಪಾರ್ಟುಗಳ ಸುರಕ್ಷತಾ ಸರ್ಟಿಫಿಕೇಟನ್ನು, ಅದನ್ನು ಕೊಟ್ಟ ಸಂಸ್ಥೆಯ ಪಟ್ಟಿಯಲ್ಲೇ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಇನ್ನು ಮೆಷಿನ್ ಜೋಡಿಸುತ್ತೇವೆ.

ಇಷ್ಟು ದಿನ ಇಲ್ಲದ್ದು ಈಗ ಯಾಕೆ ಅಂತ ನೀವು ಕೇಳಬಹುದು. ಇದುವರೆಗೆ ನಮ್ಮ ಮೆಷಿನ್ ಬರೀ ಸೋಲಾರ್. ಒಳಗೆ ಬರುತ್ತಿದ್ದದ್ದು ಪ್ಯಾನೆಲ್ ಮತ್ತು 12 ವೋಲ್ಟ್ ಬ್ಯಾಟರಿಯ ಕರೆಂಟ್ ಮಾತ್ರ. ಆದರೆ ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢದಲ್ಲಿ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಆಗುಂಬೆ ಸುತ್ತಿನವರಿಗಂತೂ ಇದನ್ನು ಹೇಳಬೇಕಾಗಿಯೇ ಇಲ್ಲ. ಬ್ಯಾಟರಿ ಡೌನ್ ಆದ ರಾತ್ರಿಯೇ ಹಂದಿ ಗದ್ದೆಗೆ ಇಳಿಯುತ್ತದೆ. ಕರೆಂಟಿನಲ್ಲೂ ಚಾರ್ಜ್ ಆಗುವ ಹಾಗೆ ಮಾಡಿಕೊಡಿ ಅಂತ ನೀವೇ ಕೇಳಿದಿರಿ, ಮಾಡಿದ್ದೇವೆ. ಅದರೊಂದಿಗೆ ಮನೆಯ 230 ವೋಲ್ಟ್ ನಮ್ಮ ಪೆಟ್ಟಿಗೆಯ ಒಳಗೆ ಬಂತು.

ಬೇಲಿಯ ಶಾಕ್ ಬೇರೆ, ಮನೆ ಕರೆಂಟಿನ ಶಾಕ್ ಬೇರೆ. ಬೇಲಿ ತಂತಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ನಿಜ. ಆದರೆ ಅದು ಬಿಟ್ಟು ಬಿಟ್ಟು ಬರುತ್ತದೆ. ಬೇಲಿ ಮೆಷಿನ್‌ಗೆಂದೇ ಇರುವ ಐಇಸಿ 60335-2-76 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಹೊಡೆತ ಬರಬಾರದು, 500 ಓಮ್ ಲೋಡಿನಲ್ಲಿ (ಅಳತೆಗೆಂದು ಜೋಡಿಸುವ ಪ್ರತಿರೋಧ) ಒಂದು ಹೊಡೆತದ ಶಕ್ತಿ 5 ಜೌಲ್ ಮೀರಬಾರದು. ಪ್ರಾಣಿ ಬೆಚ್ಚಿ ಹಿಂದೆ ಸರಿಯಲಿ ಅನ್ನುವುದಷ್ಟೇ ಇದರ ಉದ್ದೇಶ. ಮನೆ ಕರೆಂಟ್ ಹಾಗಲ್ಲ. ಅದು ಎಡೆಬಿಡದೆ ಹರಿಯುತ್ತದೆ, ಹಿಡಿದ ಕೈ ಬಿಡಿಸಿಕೊಳ್ಳಲು ಆಗದೇ ಹೋಗಬಹುದು. ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟ್ ಕೊಟ್ಟು ಆನೆ, ದನ, ಮನುಷ್ಯರು ಸತ್ತ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ, ಅಲ್ವಾ?

ಹಾಗಾಗಿ ಆ 230 ವೋಲ್ಟ್ ಯಾವ ಕಾರಣಕ್ಕೂ ಬ್ಯಾಟರಿ ಕಡೆಗೆ, ಅಲ್ಲಿಂದ ಬೇಲಿ ಕಡೆಗೆ ದಾಟಬಾರದು. ಚಾರ್ಜರ್ ಬೋರ್ಡಿನಲ್ಲಿ ಅದನ್ನು ತಡೆಯುವುದು ಮುಖ್ಯವಾಗಿ ಮೂರು ಪಾರ್ಟು: ಟ್ರಾನ್ಸ್‌ಫಾರ್ಮರ್, ಆಪ್ಟೋಕಪ್ಲರ್ (ತಂತಿಯ ಬದಲು ಬೆಳಕಿನಿಂದ ಸಿಗ್ನಲ್ ದಾಟಿಸುವ ಪಾರ್ಟು), ವೈ ಕೆಪಾಸಿಟರ್. ನಮಗೆ ಹೆಚ್ಚು ಯೋಚನೆ ಈ ಕೊನೆಯದ್ದು. ನೋಡಲು ಒಂದು ಪುಟ್ಟ ನೀಲಿ ಬಿಲ್ಲೆ, ಬೆಲೆ ಕೆಲವೇ ರೂಪಾಯಿ. ಆದರೆ ಅದರ ಒಂದು ಕಾಲು 230 ವೋಲ್ಟಿನ ಕಡೆ ಇದ್ದರೆ ಇನ್ನೊಂದು ಬ್ಯಾಟರಿ ಕಡೆ. ಅದು ಶಾರ್ಟ್ ಆದರೆ ನಡುವೆ ತಡೆಯೇ ಉಳಿಯುವುದಿಲ್ಲ. ಅದಕ್ಕೇ ವೈ ಕ್ಲಾಸ್ ಕೆಪಾಸಿಟರ್‌ಗೆ ಕಟ್ಟುನಿಟ್ಟಾದ ಪರೀಕ್ಷೆ ಇದೆ. ಅದರಲ್ಲಿ ವೈ2 ದರ್ಜೆಯದ್ದಾದರೆ 5,000 ವೋಲ್ಟಿನ ಹೊಡೆತ, ವೈ1 ದರ್ಜೆಯದ್ದಾದರೆ 8,000 ವೋಲ್ಟಿನ ಹೊಡೆತ ತಡೆಯಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಲೈನಿನಲ್ಲಿ ಏನೇನು ಬರುತ್ತದೆ ಅಂತ ಟಿವಿ, ಮೋಟಾರ್ ಸುಟ್ಟುಕೊಂಡವರಿಗೆ ಗೊತ್ತು. ಸಾಮಾನ್ಯ ಕೆಪಾಸಿಟರ್ ಮೇಲೂ ವೈ1 ಅಂತ ಅಚ್ಚು ಹಾಕಿದರೆ ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ.

ಮಾರುವವರು ವಾಟ್ಸಾಪಿನಲ್ಲಿ ಕಳಿಸಿದ ಸರ್ಟಿಫಿಕೇಟನ್ನು ಇನ್ನು ಮೇಲೆ ಪುರಾವೆ ಅಂತ ಒಪ್ಪುವುದಿಲ್ಲ. ಯುಎಲ್ (ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆ) ಗುರುತಿದ್ದರೆ ಅದರ ಫೈಲ್ ನಂಬರ್ ಹಿಡಿದು ಯುಎಲ್‌ನದೇ ಪ್ರಾಡಕ್ಟ್ ಐಕ್ಯೂ ಪಟ್ಟಿಯಲ್ಲಿ ಹುಡುಕುತ್ತೇವೆ. ನಂಬರ್ ಸಿಕ್ಕಿತು ಅಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಫೈಲ್ ನಿಜವಿದ್ದು ಅದು ಬೇರೆ ಕಂಪನಿಯದ್ದಾಗಿರಬಹುದು. ಕಂಪನಿ ಅದೇ ಆಗಿದ್ದು ನಮ್ಮ ಪಾರ್ಟ್ ನಂಬರ್ ಅದರಲ್ಲಿ ಇಲ್ಲದಿರಬಹುದು. ಪಾರ್ಟ್ ಇದ್ದರೂ ವೋಲ್ಟೇಜ್ ಬೇರೆ ಇರಬಹುದು. ಎಲ್ಲವೂ ಹೊಂದಿದರೆ ಮಾತ್ರ ಆ ಲಾಟ್ ಒಳಗೆ ಬರುತ್ತದೆ. ಯುರೋಪಿನ ಮಾರುಕಟ್ಟೆಗೆ ಬೇಕಾದ ಸಿಇ ಗುರುತೊಂದೇ ಇದ್ದರೆ ನಮಗೆ ಸಾಲದು, ಏಕೆಂದರೆ ಹೆಚ್ಚಿನ ವಸ್ತುಗಳಿಗೆ ಅದನ್ನು ತಯಾರಕರೇ ಘೋಷಿಸಿಕೊಂಡು ಹಾಕುತ್ತಾರೆ.

ಪಾರ್ಟನ್ನು ಕಂಪನಿ ನೇಮಿಸಿದ ವಿತರಕರಿಂದಲೇ ತರಿಸುತ್ತೇವೆ. 400 ರೂಪಾಯಿಯಲ್ಲಿ ಹೆಚ್ಚಿನ ಪಾಲು ಅದಕ್ಕೇ ಹೋಗುತ್ತದೆ. ಉಳಿದದ್ದು ಪರೀಕ್ಷೆಗೆ. ಒಳ್ಳೆಯ ಪಾರ್ಟುಗಳನ್ನು ಹಾಕಿದ್ದೇವೆ ಅಂದ ಕೂಡಲೇ ಮೆಷಿನ್ ಒಳ್ಳೆಯದಾಗಿಬಿಡುವುದಿಲ್ಲ. ಬೆಸುಗೆ, ತಂತಿಗಳ ನಡುವಿನ ಅಂತರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದಕ್ಕೆ ಪ್ರತಿ ಮೆಷಿನ್‌ಗೂ 500 ಓಮ್ ಲೋಡ್ ಹಾಕಿ ಜೌಲ್ ಅಳೆಯುತ್ತೇವೆ, ಇನ್ಸುಲೇಷನ್ ಪರೀಕ್ಷೆ ಮಾಡುತ್ತೇವೆ. ಪಾರ್ಟ್ ನಂಬರ್, ಲಾಟ್, ಸರ್ಟಿಫಿಕೇಟ್ ನಂಬರ್ ಮತ್ತು ಈ ಅಳತೆ ಬರೆದ ಕಾರ್ಡ್ ಪೆಟ್ಟಿಗೆಯಲ್ಲೇ ಇರುತ್ತದೆ.

ಕೆಲವನ್ನು ನೀವೇ ನೋಡಬಹುದು. ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ ಬಿಐಎಸ್ ಕೇರ್ ಅನ್ನುವ ಸರ್ಕಾರಿ ಆ್ಯಪ್ ಮೊಬೈಲಿಗೆ ಹಾಕಿಕೊಳ್ಳಿ. ವೈರಿನ ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರುತ್ತದೆ. ಲಿಥಿಯಂ ಬ್ಯಾಟರಿ ಮೇಲೆ ಆರ್ ಅಕ್ಷರದಿಂದ ಶುರುವಾಗುವ ನಂಬರ್. ಅದನ್ನು ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ, ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮನೆಗೆ ತರುವ ಮೊಬೈಲ್ ಚಾರ್ಜರ್‌ಗೂ ಹೀಗೆ ಮಾಡಿ ನೋಡಿ.

ಭೂಮಿ ಹುಣ್ಣಿಮೆ ಹೊತ್ತಿಗೆ, ಭತ್ತ ಹೊಡೆ ತುಂಬುವಾಗ ಎಲ್ಲರಿಗೂ ಒಟ್ಟಿಗೇ ಬೇಲಿ ಬೇಕಾಗುತ್ತದೆ. ಅವಸರದಲ್ಲಿ ಪರೀಕ್ಷೆ ಬಿಟ್ಟು ಮೆಷಿನ್ ಕೊಡಲು ನಮಗೆ ಮನಸ್ಸಿಲ್ಲ. ದಯವಿಟ್ಟು ಶ್ರಾವಣದಲ್ಲೇ ಆರ್ಡರ್ ಬರೆಸಿ.

ಬರೀ ಸೋಲಾರ್ ಮೆಷಿನ್ ಇರುವವರು ಏನನ್ನೂ ಬದಲಾಯಿಸಬೇಕಾಗಿಲ್ಲ. ಒಂದು ವಿನಂತಿ ಮಾತ್ರ. ಅದಕ್ಕೆ ಅಂಗಡಿಯ ಚಾರ್ಜರ್ ತಂದು ನೀವೇ ಕರೆಂಟ್ ಜೋಡಿಸಬೇಡಿ. ಮಳೆಗಾಲದಲ್ಲಿ ಬ್ಯಾಟರಿ ಚಾರ್ಜ್ ಮಾಡಲೇಬೇಕಾದರೆ ಅದನ್ನು ಮೆಷಿನ್‌ನಿಂದ ಪೂರ್ತಿ ಬಿಚ್ಚಿ, ಮನೆಯೊಳಗೆ ಇಟ್ಟು ಚಾರ್ಜ್ ಮಾಡಿ, ಆಮೇಲೆ ಮತ್ತೆ ಹಾಕಿ. ಹೊಸ ಮೆಷಿನ್ ಕೆಟ್ಟರೆ ನಮ್ಮಲ್ಲಿಗೇ ತನ್ನಿ. ಆ ನೀಲಿ ಬಿಲ್ಲೆಯ ಜಾಗಕ್ಕೆ ಸಿಕ್ಕಿದ ಕೆಪಾಸಿಟರ್ ಹಾಕಿದರೂ ಮೆಷಿನ್ ಓಡುತ್ತದೆ, ಆದರೆ ತಡೆಯನ್ನು ನಂಬುವ ಹಾಗಿರುವುದಿಲ್ಲ. ಈ ರಿಪೇರಿಗೆ ನಾವು ಕೂಲಿ ತೆಗೆದುಕೊಳ್ಳುವುದಿಲ್ಲ.

ಇಂತಿ ನಿಮ್ಮ,
ಬೇಲಿ ಮೆಷಿನ್ ಘಟಕದ ಎಲ್ಲರೂ
ತೀರ್ಥಹಳ್ಳಿ