ಶಾಸಕರೇ, ಬೋಗಮಾಳೊ ಬಸ್ಸು ಬೋಗಮಾಳೊವರೆಗೆ ಹೋಗಲಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ. ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಚುನಾವಣೆಗೆ ಮುಂಚೆ ನೀವು ಗೋವೆಯ ವಾಸ್ಕೊದ ನಮ್ಮ ವಠಾರಕ್ಕೆ ಬಂದಾಗ ತುಳಸಿಕಟ್ಟೆಯ ಪಕ್ಕದಲ್ಲಿ ನಿಂತು "ಊಟ ಆಯ್ತಾ, ಚೆನ್ನಾಗಿದ್ದೀರಾ" ಎಂದು ಕನ್ನಡದಲ್ಲೇ ವಿಚಾರಿಸಿದ್ದಿರಿ. ಅದಾದ ಮೇಲೆ ಒಂದೇ ವಿಷಯಕ್ಕೆ ಇಂಗ್ಲಿಷಿನಲ್ಲಿ ಎರಡು ಅರ್ಜಿ, ಮರಾಠಿಯಲ್ಲಿ ಒಂದು ಅರ್ಜಿ ಕೊಟ್ಟೆ. ಮೂರಕ್ಕೂ ಮುದ್ರೆ ಒತ್ತಿ ಕೊಟ್ಟರು. ಉತ್ತರ ಮಾತ್ರ ಒಂದಕ್ಕೂ ಬರಲಿಲ್ಲ. ನಿಮಗೆ ನಮ್ಮ ಭಾಷೆ ಅರ್ಥವಾಗುತ್ತದೆ ಎಂದು ನಂಬಿ ಈಗ ಹೀಗೆ ಬರೆಯುತ್ತಿದ್ದೇನೆ.

ನಾನು ಕೇಳುವುದು ಇಷ್ಟು. ವಾಸ್ಕೊ ಬಸ್ ನಿಲ್ದಾಣದಿಂದ ಕಡಲತೀರದ ಬೋಗಮಾಳೊಗೆ ಹೋಗುವ ಬಸ್ಸು ಬೋಗಮಾಳೊವರೆಗೂ ಹೋಗಬೇಕು. ದಾರಿಯಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಗೇಟಿನ ಎದುರು ನಿಲ್ಲಬೇಕು. ಭಾನುವಾರವೂ ಓಡಬೇಕು. ಯಾವ ಹೊತ್ತಿಗೆ ಬಸ್ಸಿದೆ ಎಂದು ನಿಲ್ದಾಣದಲ್ಲಿ ಬರೆದು ಹಾಕಬೇಕು.

ಇದು ಇವತ್ತಿನ ದೂರಲ್ಲ. ಮದುವೆಯಾಗಿ ಈ ಊರಿಗೆ ಬಂದು 14 ವರ್ಷವಾಯಿತು, ಅಂದಿನಿಂದಲೂ ಹೀಗೇ. ಬೆಳಿಗ್ಗೆ ಒಂದೆರಡು ಮಿನಿ ಬಸ್ಸು ಹೋಗುತ್ತವೆ, ಮಧ್ಯಾಹ್ನದ ಮೇಲೆ ದೇವರೇ ಗತಿ. ಸ್ಕೂಟರ್ ಇದ್ದವರು ಹೇಗೋ ಓಡಾಡುತ್ತಾರೆ. ಇಲ್ಲದವರು ಆ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ. ನಾವೂ ಬಿಟ್ಟಿದ್ದೆವು. ಕಳೆದ ತಿಂಗಳು ನಮ್ಮಪ್ಪನಿಗೆ ಆದದ್ದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಅಪ್ಪನಿಗೆ 78 ವರ್ಷ. 1968ರಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ಸೇರಿ, 38 ವರ್ಷ ದುಡಿದು ನಿವೃತ್ತರಾದರು. ಅದರಲ್ಲಿ ಬಹುಪಾಲು ಚೇತಕ್ ಹೆಲಿಕಾಪ್ಟರಿನ ಕೆಲಸ. ಚೇತಕ್ ಅಂದರೆ ಫ್ರಾನ್ಸಿನ ಅಲುವೆಟ್ 3. ಅಲ್ಲಿಂದ ಪರವಾನಗಿ ಪಡೆದು ಬೆಂಗಳೂರಿನಲ್ಲಿ ಕಟ್ಟಿದ್ದು. ನಮ್ಮೂರಿನ ಮ್ಯೂಸಿಯಂ ಅಂಗಳದಲ್ಲಿ ಒಂದು ಚೇತಕ್ ನಿಂತಿದೆ ಎಂದು ಅಳಿಯ ಹೇಳಿದ ದಿನದಿಂದ ಅಪ್ಪನಿಗೆ ಅದೇ ಧ್ಯಾನ. "ನೌಕಾಪಡೆಗೆ ಹೋದ ಮೇಲೆ ಅದು ಏನಾಯ್ತು ಅಂತ ನಮಗೆ ಗೊತ್ತಾಗ್ತಿರಲಿಲ್ಲ ಮಗಳೇ. ಒಂದ್ಸಲ ಕರ್ಕೊಂಡು ಹೋಗು" ಎಂದು ಪ್ರತಿ ರಜೆಯಲ್ಲೂ ಕೇಳುತ್ತಿದ್ದರು. ವಾಸ್ಕೊದಿಂದ ಆರೇಳು ಕಿಲೋಮೀಟರ್ ದೂರ. ಅಷ್ಟು ದೂರಕ್ಕೆ ನಾಲ್ಕು ವರ್ಷ ಹಿಡಿಯಿತು, ಶಾಸಕರೇ. ಮೊದಲ ಸಲ ನಿಲ್ದಾಣದಲ್ಲಿ ಒಂದೂವರೆ ಗಂಟೆ ಕಾದು ಮನೆಗೆ ಬಂದೆವು. ಎರಡನೆಯ ಸಲ ಬಸ್ಸು ಬಂತು, "ಇವತ್ತು ಭಾನುವಾರ, ಹೋಗಲ್ಲ" ಅಂದರು.

ಮೂರನೆಯ ಸಲ, ಕಳೆದ ತಿಂಗಳು, ಕಂಡಕ್ಟರನೇ "ಬೋಗಮಾಳೊ, ಬೋಗಮಾಳೊ" ಎಂದು ಕೂಗಿ ಕರೆದ. ನಾನು, ನನ್ನ ಗಂಡ, ಮಕ್ಕಳಿಬ್ಬರು, ಅಪ್ಪ, ಐದು ಜನ ಹತ್ತಿದೆವು. ಬೋಗಮಾಳೊವರೆಗೆ ದುಡ್ಡು ತೆಗೆದುಕೊಂಡ, ಟಿಕೆಟ್ ಹರಿದು ಕೊಡಲಿಲ್ಲ. ಏರ್‌ಪೋರ್ಟ್ ಜಂಕ್ಷನ್ ಬರುವ ಹೊತ್ತಿಗೆ ಬಸ್ಸಿನಲ್ಲಿ ಉಳಿದವರು ಏಳು ಜನ. ಚಾಲಕ ಪಕ್ಕಕ್ಕೆ ಎಳೆದು ನಿಲ್ಲಿಸಿದ. "ಫುಡೆಂ ವಚನಾ, ಮುಂದೆ ಹೋಗಲ್ಲ, ಇಳೀರಿ, ಏಳು ಜನಕ್ಕೆ ಯಾರು ಡೀಸೆಲ್ ಸುಡ್ತಾರೆ" ಎಂದು ಕಂಡಕ್ಟರ್ ಬಾಗಿಲು ತಟ್ಟಿದ. ನನ್ನ ಗಂಡ ದುಡ್ಡು ಪೂರ್ತಿ ತಗೊಂಡಿದ್ದೀಯಲ್ಲ ಎಂದು ಕೇಳಿದರೆ ಕೈಗೆ 20 ರೂಪಾಯಿ ತುರುಕಿದ.

ಇಷ್ಟಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಇಂಥದ್ದು ನಮಗೆ ಅಭ್ಯಾಸವಾಗಿದೆ. ಆದರೆ ಅಪ್ಪ ಕಂಬಿ ಹಿಡಿದು ಇಳಿಯುತ್ತಿರುವಾಗಲೇ ಬಸ್ಸು ಹೊರಟಿತು. ಅವರ ಎಡಗಾಲು ಇನ್ನೂ ಮೆಟ್ಟಿಲ ಮೇಲಿತ್ತು. ನನ್ನ ಗಂಡ ಕಂಕುಳಿಗೆ ಕೈ ಕೊಟ್ಟು ಎಳೆದುಕೊಳ್ಳದಿದ್ದರೆ ನಾನು ಇವತ್ತು ಬೇರೆ ಥರದ ಪತ್ರ ಬರೆಯಬೇಕಾಗುತ್ತಿತ್ತು. ಅಪ್ಪನ ಕನ್ನಡಕ ಡಾಂಬರಿನ ಮೇಲೆ ಬಿದ್ದು ಬಲಗಡೆಯ ಗಾಜು ಅಡ್ಡಡ್ಡ ಸೀಳಿತು. ಬಸ್ಸಿನವರು ಹಿಂತಿರುಗಿಯೂ ನೋಡಲಿಲ್ಲ. ಎಂಟು ವರ್ಷದ ನನ್ನ ಮಗ ಕನ್ನಡಕ ಎತ್ತಿ ಅಂಗಿಗೆ ಒರೆಸಿ ತಾತನ ಕೈಗೆ ಕೊಟ್ಟ. ಅಪ್ಪ ಅದನ್ನೇ ಹಾಕಿಕೊಂಡು "ನಡೀರಿ, ನಡೀರಿ, ಏನೂ ಆಗಿಲ್ಲ" ಅಂದರು. ಅವರ ಕೈ ನಡುಗುತ್ತಿತ್ತು.

ಶಿವರಾತ್ರಿ ಕಳೆದ ಮೇಲಿನ ಗೋವೆಯ ಬಿಸಿಲು ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿಂದ ನಡೆಯಲು ನಮಗೆ 40 ನಿಮಿಷ ಹಿಡಿಯಿತು. ಅಪ್ಪ ಎರಡು ಕಡೆ ಕೂತರು. ಒಂದು ಕಡೆ ಯಾರದೋ ಕಾಂಪೌಂಡಿನ ಅಂಚು, ಇನ್ನೊಂದು ಕಡೆ ಎಳನೀರು ಮಾರುವವನ ಪೆಟ್ಟಿಗೆ. ನಮ್ಮ ಜೊತೆ ಇಳಿಸಲ್ಪಟ್ಟ ಒಬ್ಬ ಹೆಂಗಸು, ಬೀಚಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, "ನನಗಿದು ವಾರಕ್ಕೆ ಮೂರು ದಿನದ್ದು ಅಕ್ಕ, ತಡವಾದರೆ ಅರ್ಧ ದಿನದ ಕೂಲಿ ಮುರಿದುಕೊಳ್ತಾರೆ" ಎನ್ನುತ್ತಾ ನಮ್ಮನ್ನು ದಾಟಿ ಬಿರಬಿರನೆ ನಡೆದು ಹೋದರು.

ಮ್ಯೂಸಿಯಂನವರ ಮೇಲೆ ನನ್ನದೇನೂ ದೂರಿಲ್ಲ. 1998ರಲ್ಲಿ ತೆರೆದ ಈ ಜಾಗ ಚಿಕ್ಕದು, ಆದರೆ ದೇಶದಲ್ಲಿ ಇಂಥವು ಬೆರಳೆಣಿಕೆಯಷ್ಟೇ ಇವೆ. ಹೊರಗಿನ ಅಂಗಳದಲ್ಲಿ ವಿಮಾನಗಳು ಬಯಲಿಗೆ ನಿಂತಿವೆ. ಹಡಗಿನ ಮಾದರಿಗಳು, ಬಾಂಬು, ಟಾರ್ಪಿಡೊ, ಸಮವಸ್ತ್ರಗಳು ಒಳಗಿವೆ. ಅಂಗಳದಲ್ಲಿ ಎಲ್ಲಕ್ಕಿಂತ ದೊಡ್ಡದು ಸೂಪರ್ ಕಾನ್‌ಸ್ಟಲೇಷನ್. ನಾಲ್ಕು ಎಂಜಿನ್, ಬಾಲದಲ್ಲಿ ಮೂರು ರೆಕ್ಕೆ. ಮೊದಲು ಏರ್ ಇಂಡಿಯಾದಲ್ಲಿ ಪ್ರಯಾಣಿಕರನ್ನು ಹೊತ್ತು, ಆಮೇಲೆ ವಾಯುಪಡೆಗೆ ಹೋಗಿ, 1976ರಲ್ಲಿ ನೌಕಾಪಡೆಗೆ ಸೇರಿ ಸಮುದ್ರ ಕಾದ ವಿಮಾನ. 1953ರಲ್ಲಿ ನೌಕಾಪಡೆಗೆ ಮೊಟ್ಟಮೊದಲು ಬಂದ ಸೀಲ್ಯಾಂಡ್ ವಿಮಾನ ಅಲ್ಲೇ ಇದೆ. ನೀರಿನ ಮೇಲೂ ಇಳಿಯಬಲ್ಲದು ಎಂದು ಕೇಳಿ ಮಗ ಅದರ ಹೊಟ್ಟೆಯನ್ನು ಬಗ್ಗಿ ಬಗ್ಗಿ ನೋಡಿದ, ದೋಣಿಯ ಹಾಗೇ ಇದೆ. ಸೀ ಹಾಕ್, ಅಲಿಝೆ ಎಂಬ ಯುದ್ಧವಿಮಾನಗಳ ರೆಕ್ಕೆ ಯಾಕೆ ಮಡಚುತ್ತವೆ ಎಂದು ಮಗಳು ಕೇಳಿದಳು. ವಿಮಾನ ಹೊರುವ ಹಡಗಿನಲ್ಲಿ ಜಾಗ ಸಾಲದು ಎಂದು ಅಪ್ಪ ತಮ್ಮ ಎರಡು ತೋಳು ಮೇಲೆತ್ತಿ ತೋರಿಸಿದರು. 1971ರ ಯುದ್ಧದಲ್ಲಿ ವಿಕ್ರಾಂತ್ ಹಡಗಿನಿಂದ ಹೋಗಿ ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ಮಾಡಿದ್ದು ಈ ಜಾತಿಯ ವಿಮಾನಗಳೇ. 2016ರವರೆಗೂ ಇಲ್ಲಿನ ದಾಬೋಳಿ ವಿಮಾನ ನಿಲ್ದಾಣದಿಂದ ಹಾರುತ್ತಿದ್ದ ಸೀ ಹ್ಯಾರಿಯರ್ ಯುದ್ಧವಿಮಾನದ ಸದ್ದಿಗೆ ನನ್ನ ಮಗಳು ತೊಟ್ಟಿಲಲ್ಲಿ ಬೆಚ್ಚಿ ಏಳುತ್ತಿದ್ದಳು. ಅದನ್ನು ಅವಳು ಹತ್ತಿರದಿಂದ ನೋಡಿದ್ದು ಈಗಲೇ.

ಎಚ್‌ಟಿ-2 ಎಂಬ ಪುಟ್ಟ ತರಬೇತಿ ವಿಮಾನದ ಎದುರು ಅಪ್ಪ ಚಪ್ಪಲಿ ಬಿಟ್ಟು ನಿಂತರು. ಎಂಜಿನಿಯರ್ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ್ದು ಅದು. ಅಪ್ಪ ಕೆಲಸಕ್ಕೆ ಸೇರಿದಾಗ ಹಿರಿಯ ಫಿಟ್ಟರುಗಳು ಅದರ ಮಾತನ್ನೇ ಆಡುತ್ತಿದ್ದರಂತೆ.

ಆಮೇಲೆ ಚೇತಕ್. ಅಪ್ಪ ಅದಕ್ಕೆ ಎರಡು ಸುತ್ತು ಬಂದರು. ಸೀಳಿದ ಗಾಜಿನ ಕಣ್ಣು ಮುಚ್ಚಿಕೊಂಡು, ಇನ್ನೊಂದು ಕಣ್ಣಿನಲ್ಲಿ ರಿವೆಟ್ಟಿನ ಸಾಲು ನೋಡಿದರು. "ಮೂರು ಬ್ಲೇಡು ನೋಡು ಪುಟ್ಟ. ಹಡಗಿನ ಮೇಲೆ ವಿಮಾನ ಇಳಿಯುವಾಗೆಲ್ಲ ಇದು ಪಕ್ಕದಲ್ಲಿ ಗಾಳಿಯಲ್ಲೇ ನಿಂತಿರ್ತಿತ್ತು. ಪೈಲಟ್ ಸಮುದ್ರಕ್ಕೆ ಬಿದ್ದರೆ ಎತ್ತಿಕೊಳ್ಳೋಕೆ." ಹೇಳುತ್ತಾ ಹೇಳುತ್ತಾ ಗಂಟಲು ಕಟ್ಟಿತು. ಇನ್ನೂ ಎಷ್ಟೋ ಹೇಳುವುದಿತ್ತು ಅವರಿಗೆ. ಆದರೆ ಬಸ್ಸು ಕೈಕೊಟ್ಟದ್ದರಿಂದ ನಾವು ತಲುಪಿದ್ದೇ ತಡವಾಗಿ, ವಾಪಸ್ ಬಸ್ಸು ಸಿಗುತ್ತದೋ ಇಲ್ಲವೋ ಎಂಬ ಭಯ ಬೇರೆ. ಒಳಗಿನ ಗ್ಯಾಲರಿಯನ್ನು ಓಡಿಕೊಂಡು ನೋಡಿದೆವು. ನಾಲ್ಕು ವರ್ಷ ಕಾದು ಬಂದ ಮನುಷ್ಯನನ್ನು "ಅಪ್ಪ, ಸಾಕು, ಬನ್ನಿ" ಎಂದು ನಾನೇ ಕೈ ಹಿಡಿದು ಎಳೆದುಕೊಂಡು ಬಂದೆ. ಆ ಸಂಕಟ ಇನ್ನೂ ಹೋಗಿಲ್ಲ.

ಹೊರಗೆ ರಸ್ತೆಯಲ್ಲಿ ಒಂದು ಗಂಟೆ ನಿಂತೆವು. ಬಸ್ಸಿಲ್ಲ, ಕೂರಲು ಕಟ್ಟೆಯಿಲ್ಲ. ಟ್ಯಾಕ್ಸಿಯವರೊಬ್ಬರು ವಾಸ್ಕೊಗೆ 700 ಕೇಳಿದರು. ಕೊನೆಗೆ ಮದುವೆ ಮಂಟಪಕ್ಕೆ ಕುರ್ಚಿ ಇಳಿಸಿ ಬರುತ್ತಿದ್ದ ಟೆಂಪೊ ನಿಂತಿತು. ಬಾಗಲಕೋಟೆ ಕಡೆಯ ಹುಡುಗ. "ಅಜ್ಜಾರು ಮುಂದ ಕೂಡ್ಲಿ, ನೀವು ಹಿಂದ ಹತ್ರಿ ಅಕ್ಕಾರ" ಅಂದ. ದುಡ್ಡು ಕೊಡಲು ಹೋದರೆ ಕೈಮುಗಿದ.

ಪರ್ಮಿಟ್ಟಿನ ನಿಯಮ ನಿಮಗೆ ಗೊತ್ತೇ ಇದೆ. ಇಂತಿಷ್ಟು ದಾರಿ, ಇಂತಿಷ್ಟು ಹೊತ್ತು ಎಂದು ಒಪ್ಪಿಕೊಂಡೇ ತಾನೆ ಬಸ್ಸಿನವರು ಪರ್ಮಿಟ್ ಪಡೆಯುವುದು? 1988ರ ಮೋಟಾರು ವಾಹನ ಕಾಯ್ದೆಯ 72ನೇ ಕಲಂ ಅದಕ್ಕೇ ಇದೆ, ಷರತ್ತು ಮುರಿದರೆ ಪರ್ಮಿಟ್ ಅಮಾನತು ಮಾಡಲು 86ನೇ ಕಲಂ ಇದೆ. ಏಳು ಜನ ಇದ್ದರೆ ಅರ್ಧ ದಾರಿಯಲ್ಲಿ ಇಳಿಸಬಹುದು ಎಂದು ಎಲ್ಲಿ ಬರೆದಿದೆ?

ಎರಡನೆಯ ಅರ್ಜಿ ಕೊಟ್ಟಾಗ ಒಬ್ಬ ಅಧಿಕಾರಿ "ಆ ಕಡೆ ಜನವೇ ಇಲ್ಲಮ್ಮ, ಮ್ಯೂಸಿಯಂಗೆ ಬರುವ ಪ್ರವಾಸಿಗರು ಬಾಡಿಗೆ ಸ್ಕೂಟರಿನಲ್ಲಿ ಬರುತ್ತಾರೆ" ಎಂದರು. 78 ವರ್ಷದ ತಾತ, ಇಬ್ಬರು ಮಕ್ಕಳು ಬಾಡಿಗೆ ಸ್ಕೂಟರ್ ಹತ್ತಿ ಬರಬೇಕೇ? ಬಸ್ಸು ಬಿಡದೆ ಜನ ಇಲ್ಲ ಎಂದರೆ ಜನ ಎಲ್ಲಿಂದ ಬಂದಾರು? ನಮ್ಮ ವಠಾರದಲ್ಲಿ ಕೊಪ್ಪಳ, ಗದಗ, ವಿಜಯಪುರ ಕಡೆಯ 11 ಮನೆಗಳಿವೆ. ಆ ಮನೆಗಳ ಮಕ್ಕಳು ಇಳಿಯುವ ವಿಮಾನದ ಸದ್ದಿನ ಕೆಳಗೇ ಹುಟ್ಟಿ ಬೆಳೆದವರು. ಅವರಲ್ಲಿ ಒಂದು ಮಗುವೂ ಆ ಮ್ಯೂಸಿಯಂ ನೋಡಿಲ್ಲ. ನಾನು ಮನೆ ಮನೆಗೆ ಹೋಗಿ ಕೇಳಿ ಈ ಮಾತು ಬರೆಯುತ್ತಿದ್ದೇನೆ. ಪಕ್ಕದ ಕಾರವಾರದಲ್ಲಿ ಚಾಪೆಲ್ ಯುದ್ಧನೌಕೆಯನ್ನು ಕಡಲತೀರದಲ್ಲಿ ಇಟ್ಟಿದ್ದಾರೆ, ಬಸ್ಸಿಳಿದು ಹೋಗಿ ನೋಡಿ ಬರಬಹುದು. ಈ ಮಕ್ಕಳು ಊರಿಗೆ ಹೋಗುವಾಗ ಅದನ್ನು ನೋಡಿದ್ದಾರೆ. ಸ್ವಂತ ಊರಿನದನ್ನು ನೋಡಿಲ್ಲ.

ನನಗೆ ಸಾಕಾಗಿದೆ ಸ್ವಾಮಿ. ವಿನಂತಿ, ಕೋರಿಕೆ, ಸವಿನಯ ಎಂದು ಮೂರು ಸಲ ಬರೆದಿದ್ದೇನೆ. ನನ್ನ ಅಪ್ಪ ಬಸ್ಸಿನ ಮೆಟ್ಟಿಲಿನಿಂದ ಬೀಳಲಿದ್ದುದನ್ನು ನನ್ನ ಮಕ್ಕಳು ನೋಡಿದ್ದಾರೆ. ಇನ್ನು ಸವಿನಯ ಎಂದು ಬರೆಯಲು ಕೈ ಬರುವುದಿಲ್ಲ. ಬಸ್ಸು ಬೋಗಮಾಳೊವರೆಗೆ ಹೋಗಲಿ. ಗೇಟಿನ ಎದುರು ನಿಲ್ಲಲಿ, ಅಲ್ಲೊಂದು ನೆರಳು, ಒಂದು ಕಲ್ಲುಬೆಂಚು ಇರಲಿ. ಸೋಮವಾರ ಮ್ಯೂಸಿಯಂಗೆ ರಜೆ, ಆದರೆ ಆ ಪಾತ್ರೆ ತೊಳೆಯುವ ಹೆಂಗಸಿಗೆ ರಜೆ ಇಲ್ಲ. ಹಾಗಾಗಿ ವಾರದ ಏಳೂ ದಿನ ಓಡಲಿ.

ಅಪ್ಪ ಹೊಸ ಗಾಜು ಹಾಕಿಸಿಕೊಂಡು ಬೆಂಗಳೂರಿಗೆ ಹೋಗಿದ್ದಾರೆ. ಗೌರಿ ಹಬ್ಬಕ್ಕೆ ಬರುತ್ತಾರೆ. ಫೋನಿನಲ್ಲಿ ಮೊಮ್ಮಗನಿಗೆ ಚೇತಕ್ಕಿನ ಎಂಜಿನ್ ವಿಷಯ ಅರ್ಧ ಹೇಳಿ, ಉಳಿದದ್ದು ಅಲ್ಲೇ ನಿಂತು ತೋರಿಸ್ತೀನಿ ಅಂದಿದ್ದಾರೆ. ಅಷ್ಟರೊಳಗೆ ನಿಲ್ದಾಣದ ಗೋಡೆಯ ಮೇಲೆ ಬೋಗಮಾಳೊ ಬಸ್ಸಿನ ಹೊತ್ತು ಬರೆದಿರಬೇಕು. ಬರೆದ ಹೊತ್ತಿಗೆ ಆ ಬಸ್ಸು ಹೊರಡಬೇಕು.

ಇಂತಿ,
ವಾಸ್ಕೊದಿಂದ ನಿಮ್ಮ ಮತದಾರಳು